ಕೆಂಪು ಲುಂಗಿ ಮತ್ತು ಕೊಡುವ ಕೈ

ಬಾನು ಮುಷ್ತಾಕ್ ಅವರ ‘ಕೆಂಪು ಲುಂಗಿ’ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಪುಸ್ತಕ ಅದು. ಬಡಮಕ್ಕಳಿಗೆ ದಾನ ಮಾಡುವ ನಾವೆಲ್ಲ ಓದಬೇಕಾದ ಕತೆ.

ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆ ತಾಳಲಾರದೆ ರಜಿಯಾ ಹುಡುಗರಿಗೆ ಖತ್ನಾ ಮಾಡಿಸಲು ಹೊರಡುತ್ತಾಳೆ. ಜೊತೆಗೆ ಬಡವರ ಮಕ್ಕಳಿಗೂ ಸಾಮೂಹಿಕ ಖತ್ನಾ. ಮನೆಯ ಮಕ್ಕಳಿಗೆ ವೈದ್ಯರು, ಅರಿವಳಿಕೆ. ಬಡ ಹುಡುಗರಿಗೆ ಹಜಾಮನ ಕತ್ತಿ, ಒಂದು ಕೆಂಪು ಲುಂಗಿ. ರಜಿಯಾ ಕೆಟ್ಟವಳಲ್ಲ, ಕತೆಯ ಬಲ ಇರುವುದೇ ಅಲ್ಲಿ. ತನ್ನ ಮಗನಿಗೆ ಬೇಡವೆಂದದ್ದನ್ನು ಇನ್ನೊಬ್ಬರ ಮಗನಿಗೆ ಪುಣ್ಯವೆಂದು ಕೊಡುತ್ತಿರುವುದು ಅವಳಿಗೆ ಕಾಣುವುದಿಲ್ಲ.

ನನ್ನ ತಕರಾರು ಮುಂದಿನ ತಿರುವಿನ ಬಗ್ಗೆ. ಬಡ ಹುಡುಗನ ಗಾಯ ಬೇಗ ಮಾಯುತ್ತದೆ, ರಜಿಯಾಳ ಮಗನದು ಕೀವಾಗುತ್ತದೆ. ಓದುವಾಗ ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮೇಲಿನವನೇ ಲೆಕ್ಕ ಸರಿಮಾಡಿಬಿಟ್ಟರೆ ಕೊಡುವವರು ಏನನ್ನೂ ಬದಲಿಸಬೇಕಿಲ್ಲವಲ್ಲ?

ನಮ್ಮ ಕಳವಾರದ ಕಡೆ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ, ನಾನು ಚಿಕ್ಕವನಿದ್ದಾಗ ನನ್ನ ಓರಗೆಯ ಹುಡುಗರು ಬಿಸಿನೀರಿನಲ್ಲಿ ಬೆಂದ ಗೂಡುಗಳಿಗೆ ಕೈಹಾಕುತ್ತಿದ್ದರು. ಆ ಬೆರಳುಗಳು ಮಾಯುತ್ತಿರಲಿಲ್ಲ. ರಂಜಾನ್ ಬಂದರೆ ಮಾಲೀಕರು ಅವರಿಗೇ ಜಕಾತಿನ ಹೊಸ ಬಟ್ಟೆ ಕೊಡುತ್ತಿದ್ದರು. ನೂರಕ್ಕೆ 2.5ರ ಲೆಕ್ಕ ಪಕ್ಕಾ ಇರುತ್ತಿತ್ತು. ಹುಡುಗರ ಕೂಲಿಯ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಈದ್ ಮುಗಿದ ಮೇಲೆ ನಾನು ಸ್ಕೂಲಿಗೆ ಹೋಗುತ್ತಿದ್ದೆ. ಅವರು ಹೊಸ ಅಂಗಿಯ ತೋಳು ಮಡಚಿಕೊಂಡು ಮತ್ತೆ ಬಿಸಿನೀರಿನ ಮುಂದೆ ಕೂರುತ್ತಿದ್ದರು.