ಬೇಟೆಗೆ ಯಾವ ಊರು?

ಬೇಟೆ ಪುಸ್ತಕಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಬೆಳ್ಳಂದೂರಿನ ನರಭಕ್ಷಕ. ಪೆದ್ದಚೆರುವಿನ ರಾಕ್ಷಸ. ಜಾಲಹಳ್ಳಿಯ ಕುರ್ಕ. ಮುನಿಶಾಮಿ ಮತ್ತು ಮಾಗಡಿ ಚಿರತೆ. ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದದ್ದನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕತೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಇಟ್ಟ ಹೆಸರುಗಳಿವು. ಬೆಳ್ಳಂದೂರು ಅಂದರೆ ಇವತ್ತು ನಮಗೆ ಔಟರ್ ರಿಂಗ್ ರೋಡಿನ ಟ್ರಾಫಿಕ್ ನೆನಪಾಗುತ್ತದೆ, ಅದು ಬೇರೆ ಮಾತು. ಜಿಮ್ ಕಾರ್ಬೆಟ್‌ನದ್ದೂ ಇದೇ ಕ್ರಮ: ಚಂಪಾವತದ ಹೆಣ್ಣುಹುಲಿ, ರುದ್ರಪ್ರಯಾಗದ ಚಿರತೆ. ಮೊದಲು ಊರು, ಆಮೇಲೆ ಪ್ರಾಣಿ. ಬೇಟೆಗಾರನ ಹೆಸರು ಎಲ್ಲಿಯೂ ಇಲ್ಲ.

ಈ ಸಣ್ಣ ಸಂಗತಿ ನನ್ನ ತಲೆಗೆ ಹೊಕ್ಕಿದ್ದು ಒಂದು ಎಕ್ಸೆಲ್ ಶೀಟ್‌ನಿಂದ. ಕಳಿಸಿದವನು ನನ್ನ ಊರಿನವನೇ, ನನ್ನ ಜೊತೆ ಬಿಇ ಮಾಡಿದವನು, ಈಗ ಟೆಕ್ಸಾಸ್‌ನಲ್ಲಿದ್ದಾನೆ. ಐದಾರು ವರ್ಷದಿಂದ ಅಲ್ಲಿ ಬಿಲ್ಲು-ಬಾಣ ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾನೆ, ಲೈಸೆನ್ಸ್ ತೆಗೆದುಕೊಂಡೇ. ಈ ಸಲ ಮೊದಲ ಬಾರಿ ಬೇರೆ ರಾಜ್ಯಕ್ಕೆ ಹೋಗಿ ಎಲ್ಕ್ ಬೇಟೆ ಆಡಬೇಕಂತೆ. ಶೀಟ್‌ನಲ್ಲಿ ಐದು ರಾಜ್ಯ: ಕೊಲೊರಾಡೊ, ವಯೋಮಿಂಗ್, ಮೊಂಟಾನಾ, ಐಡಾಹೊ, ನ್ಯೂ ಮೆಕ್ಸಿಕೊ. ಕಾಲಂಗಳು: ಪರವಾನಗಿ ಸಿಗುವ ಸಾಧ್ಯತೆ, ಒಟ್ಟು ಖರ್ಚು, ಯಶಸ್ಸಿನ ಶೇಕಡಾವಾರು, ಸಾರ್ವಜನಿಕ ಜಮೀನು, ಡ್ರೈವಿಂಗ್ ಗಂಟೆ. ಕೊನೆಗೆ ಎಲ್ಲದಕ್ಕೂ ತೂಕ ಕೊಟ್ಟು ಒಂದು ಸ್ಕೋರ್. ಕೆಳಗೆ ಒಂದು ಸಾಲು: "ನೀನು ಬೇಟೆ ಪುಸ್ತಕ ಎಲ್ಲ ಓದ್ತೀಯಲ್ಲ ಮಾರಾಯ, ಯಾವುದು ಒಳ್ಳೇದು ಹೇಳು."

ಆ ಶೀಟನ್ನೂ ಒಂದು ಪಠ್ಯ ಅಂತಲೇ ಓದಿದೆ. ಅಮೆರಿಕದಲ್ಲಿ ಅದೊಂದು ಪ್ರಕಾರವೇ ಆಗಿದೆ. 'ನಿಮ್ಮ ಮೊದಲ ಎಲ್ಕ್ ಬೇಟೆಗೆ ಎಲ್ಲಿ ಹೋಗಬೇಕು' ಎಂಬ ಧಾಟಿಯ ಲೇಖನಗಳಿಗೆ ಅಲ್ಲಿನ ಬೇಟೆ ಪತ್ರಿಕೆಗಳಲ್ಲಿ ಬರವಿಲ್ಲ. ನನ್ನ ಗೆಳೆಯನ ಶೀಟ್ ಅವುಗಳ ಸಾರಾಂಶ.

ಮೊದಲು ಪ್ರಾಣಿಯ ವಿಷಯ. 19ನೇ ಶತಮಾನದಲ್ಲಿ ಸಿಲೋನಿನಲ್ಲಿ ನಾಯಿಗಳನ್ನು ಬಿಟ್ಟು ಬೇಟೆಯಾಡಿದ ಸ್ಯಾಮುಯೆಲ್ ಬೇಕರ್ ತನ್ನ ಪುಸ್ತಕದಲ್ಲಿ 'ಎಲ್ಕ್' ಎಂದು ಬರೆಯುವುದು ನಮ್ಮ ಕಡವೆಯ ಬಗ್ಗೆ. ಅಮೆರಿಕದ ಎಲ್ಕ್ ಬೇರೆಯೇ. ಅದರ ಹತ್ತಿರದ ನೆಂಟ ನಮ್ಮ ದೇಶದಲ್ಲಿರುವುದು ಕಾಶ್ಮೀರದ ದಾಚಿಗಾಮ್‌ನಲ್ಲಿ, ಕೆಲವೇ ನೂರು ಉಳಿದಿರುವ ಹಂಗುಲ್. ಬೆಳೆದ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುತ್ತದೆ. ಸೆಪ್ಟೆಂಬರ್ ಅದರ ಬೆದೆಯ ಕಾಲ, ಗಂಡು ಸಿಳ್ಳೆ ಹೊಡೆದ ಹಾಗೆ ಕೂಗುತ್ತದೆ. ಬಿಲ್ಲಿನ ಬೇಟೆಗೆ ಸಾಮಾನ್ಯವಾಗಿ ಸಿಗುವುದೂ ಆ ತಿಂಗಳೇ. ಕೋವಿಯಲ್ಲಾದರೆ ಇನ್ನೂರು ಗಜದಿಂದ ಹೊಡೆಯಬಹುದು, ಬಾಣಕ್ಕೆ ಮೂವತ್ತು-ನಲವತ್ತು ಗಜದೊಳಗೆ ಹೋಗಬೇಕು. ಗಾಳಿ ತಿರುಗಿತೋ, ಮುಗಿಯಿತು. ಬಿಲ್ಲು ಹಿಡಿದು ಹೋದ ಹತ್ತು ಜನರಲ್ಲಿ ಎಲ್ಕ್ ಸಿಗುವುದು ಸಾಧಾರಣವಾಗಿ ಒಬ್ಬರಿಗೋ ಇಬ್ಬರಿಗೋ.

ಇನ್ನು ನಿಯಮಗಳು. ಎಲ್ಕ್ ಅತಿ ಹೆಚ್ಚು ಇರುವುದು ಕೊಲೊರಾಡೊದಲ್ಲಿ. 2024ರ ತನಕ ಹೊರರಾಜ್ಯದವರು ಅಲ್ಲಿನ ಹಲವು ವಲಯಗಳಿಗೆ ಬಿಲ್ಲಿನ ಪರವಾನಗಿಯನ್ನು ನೇರ ಅಂಗಡಿಯಲ್ಲೇ ಕೊಳ್ಳಬಹುದಿತ್ತು. 2025ರಿಂದ ಅವರಿಗೆ ಲಾಟರಿ. ವಯೋಮಿಂಗ್‌ನಲ್ಲಿ ವರ್ಷ ವರ್ಷ ಪಾಯಿಂಟ್ ಕೂಡಿಸಬೇಕು. ಅಷ್ಟೇ ಅಲ್ಲ, ಅಲ್ಲಿ ಕೇಂದ್ರ ಸರ್ಕಾರ 'ವೈಲ್ಡರ್ನೆಸ್' ಎಂದು ಘೋಷಿಸಿದ ಕಾಡಿನೊಳಗೆ ಹೊರರಾಜ್ಯದವನು ಗೈಡ್ ಅಥವಾ ಸ್ಥಳೀಯನೊಬ್ಬ ಜೊತೆಗಿಲ್ಲದೆ ದೊಡ್ಡ ಪ್ರಾಣಿಗಳ ಬೇಟೆ ಆಡುವಂತಿಲ್ಲ. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟ್ ಇಲ್ಲ, ಪ್ರತಿ ವರ್ಷ ಹೊಸ ಚೀಟಿ. ಆದರೆ ನೂರರಲ್ಲಿ 84 ಸ್ಥಳೀಯರಿಗೆ, 10 ಗೈಡ್ ಇಟ್ಟುಕೊಂಡವರಿಗೆ, ಉಳಿದ 6 ನನ್ನ ಗೆಳೆಯನಂಥವರಿಗೆ. ನಮ್ಮ ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆ ಇದು ಎಂತ ಹೊಸತಲ್ಲ.

ಈ ಬರವಣಿಗೆಯಲ್ಲಿ ಒಂದು ದೊಡ್ಡ ಗುಣ ಉಂಟು. ಎಣಿಕೆ. ಈ ವಲಯದಲ್ಲಿ ಎಷ್ಟು ಪ್ರಾಣಿ ಇವೆ, ಎಷ್ಟು ಜನ ಹೋಗಬಹುದು, ಎಷ್ಟು ಹೊಡೆಯಬಹುದು, ಎಲ್ಲವೂ ಬರಹದಲ್ಲಿ ಇರುತ್ತದೆ. ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತು. 1937ರ ಒಂದು ಕಾನೂನಿನ ಪ್ರಕಾರ ಅಲ್ಲಿ ಕೋವಿ-ತೋಟೆಗಳ ಮೇಲಿನ ವಿಶೇಷ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಆ ತೆರಿಗೆಯೊಳಗೆ ಬಿಲ್ಲು-ಬಾಣವನ್ನೂ ಸೇರಿಸುವ ತಿದ್ದುಪಡಿ ಬಂದದ್ದು 1972ರಲ್ಲಿ. ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಬಾಗಿಲು ಮುಚ್ಚತೊಡಗಿತು. ಒಂದೇ ವರ್ಷ, ಎರಡು ದೇಶ, ಎರಡು ದಾರಿ.

ನಮ್ಮ ಬೇಟೆ ಸಾಹಿತ್ಯದಲ್ಲಿ ಇಲ್ಲದ್ದು ಈ ಎಣಿಕೆಯೇ. ನಮ್ಮ ಜಿಲ್ಲೆಯವರೇ ಆದ, ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ನನಗೆ ಬಹಳ ಇಷ್ಟದ ಪುಸ್ತಕ. ಗುಡ್ಡ, ತೋಡು, ಜೊತೆಗೆ ಬಂದ ಜನ, ಎಲ್ಲವೂ ಗುರುತಿನದು ಅನ್ನಿಸುವ ಹಾಗೆ ಬರೆದಿದ್ದಾರೆ. ನಮ್ಮಲ್ಲಿ ಕೆಡ್ಡಸಕ್ಕೆ ಊರಿಗೆ ಊರೇ ಬೋಂಟೆಗೆ ಹೋಗುತ್ತಿದ್ದ ಕಾಲವೊಂದಿತ್ತು. ಆ ಕಾಲದ ಉಸಿರು ಅದರಲ್ಲಿ ಉಂಟು. ಆದರೆ ಈ ಪ್ರಕಾರದ ಪುಸ್ತಕಗಳನ್ನೆಲ್ಲ ಒಟ್ಟಿಗೆ ಓದಿದರೆ ಒಂದು ಪ್ರಶ್ನೆ ಉಳಿಯುತ್ತದೆ: ಹೊಡೆದ ಮೇಲೆ ಕಾಡಿನಲ್ಲಿ ಎಷ್ಟು ಉಳಿದವು? ಕಾಡು ಮುಗಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಕತೆಗಳು ನಿಂತಿವೆ. ಆ ನಂಬಿಕೆ ಸುಳ್ಳಾದ ಮೇಲೆ ಹುಟ್ಟಿದವರು ನಾವು. ಈಗ ನಮ್ಮ ಮನೆಯಲ್ಲಿ ಇರುವುದು ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೋವಿ. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಬರುತ್ತದೆ. ಅದಕ್ಕಿಂತ ದೂರದ ಪ್ರಯಾಣ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಹಳೆಯ ಪುಸ್ತಕಗಳನ್ನು ಬದಿಗಿಟ್ಟು ಶೀಟನ್ನೇ ನಂಬುವುದಾ? ಇಲ್ಲ. ಶೀಟ್‌ನಲ್ಲಿ ಬೇರೊಂದು ಕೊರತೆ ಉಂಟು, ಅದು ಇನ್ನೂ ದೊಡ್ಡದು.

ಆಂಡರ್ಸನ್‌ನನ್ನೇ ತೆಗೆದುಕೊಳ್ಳಿ. ಅವನೂ ನಮ್ಮ ಹಾಗೆ ಕೆಲಸಕ್ಕೆ ಹೋಗುವ ಮನುಷ್ಯ, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿದ್ದವನು. ಕಾರು ಹತ್ತಿ ಜವಳಗಿರಿಗೆ, ದೇವರಾಯನದುರ್ಗಕ್ಕೆ, ಹೊಸದುರ್ಗ-ಹೊಳಲ್ಕೆರೆಯ ಕಡೆಗೆ ಹೋಗುತ್ತಿದ್ದ. ಎಲ್ಲವೂ ಅವನಿಗೆ ಹೊರಗಿನ ಊರೇ. ಆದರೆ ಕತೆಗಳಲ್ಲಿ ಅವನು ಹುಲಿಗಿಂತ ಹೆಚ್ಚು ಹೊತ್ತು ಜನರ ಜೊತೆ ಕಳೆಯುತ್ತಾನೆ. ಬೈರ ಎಂಬ ಕಾಡಿನ ಮನುಷ್ಯನ ಗೆಳೆತನ ಇಲ್ಲದಿದ್ದರೆ ಅವನಿಗೆ ಆ ಕಾಡು ಅರ್ಥವಾಗುತ್ತಲೇ ಇರಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರಬಾರದು ಎಂಬುದು ಆಂಡರ್ಸನ್‌ಗೂ ಕಾರ್ಬೆಟ್‌ಗೂ ಧರ್ಮದ ಹಾಗೆ. ಆ ಧರ್ಮ ನಡೆಸಲು ಹಳ್ಳ ಎಲ್ಲಿ ಇಳಿಯುತ್ತದೆ, ಪೊದೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರಬೇಕು. ಊರಿನ ಹೆಸರು ಕತೆಯ ಹೆಸರಾಗುವುದು ಅದಕ್ಕೇ.

ಬಿಲ್ಲಿನ ಬೇಟೆಗೆ ಇದು ಇನ್ನೂ ಹೆಚ್ಚು ನಿಜ. ಬಾಣ ತಾಗಿದ ಎಲ್ಕ್ ಅಲ್ಲೇ ಬೀಳುವುದು ಅಪರೂಪ. ಸುಮ್ಮನೆ ಕೂತು ಕಾಯಬೇಕು, ಆಮೇಲೆ ರಕ್ತದ ಹನಿ ಹಿಡಿದು ಹೋಗಬೇಕು. ಸಿಕ್ಕಿದ ಮೇಲೆ ಮೂಳೆ ಬಿಡಿಸಿದರೂ ಸುಮಾರು ನೂರು ಕಿಲೋ ಮಾಂಸ. ಸೆಪ್ಟೆಂಬರಿನ ಬಿಸಿಲಿಗೆ ಕೆಡುವ ಮೊದಲು ಅದನ್ನು ಬೆನ್ನ ಮೇಲೆ ಹೊತ್ತು ನಾಲ್ಕೈದು ಸಲ ರಸ್ತೆಗೆ ತರಬೇಕು. ಅದೂ ಎಲ್ಲಿ? ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕೊಲೊರಾಡೊದಲ್ಲಿ ಆ ತಿಂಗಳು ಎಲ್ಕ್ ಇರುವ ಕಾಡುಗಳಲ್ಲಿ ಬಹುಪಾಲು ಅದಕ್ಕಿಂತ ಎಷ್ಟೋ ಎತ್ತರ. ಇದ್ಯಾವುದೂ ಶೀಟ್‌ನ ಕಾಲಂಗಳಲ್ಲಿ ಇಲ್ಲ. ಶೀಟ್‌ ಕೇಳುವುದು ಒಂದೇ ಪ್ರಶ್ನೆ: ನನಗೆ ಎಲ್ಲಿ ಸಿಗುತ್ತದೆ? ಬಾಣ ಬಿಟ್ಟ ನಂತರ ಏನು ಅನ್ನುವ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ.

ಇದನ್ನು ಓದುತ್ತಾ 'ನಮಗೆಂತ, ನಾವು ಬೇಟೆಗಾರರಲ್ಲ' ಅಂದುಕೊಳ್ಳಬೇಡಿ. ನಾವು ಸಫಾರಿ ಬುಕ್ ಮಾಡುವ ರೀತಿ ನೋಡಿ. ಮಂಗಳೂರಿನಿಂದ ರಜೆ ಹಾಕಿ ತಡೋಬಾಕ್ಕೆ ಹೋಗುತ್ತೇವೆ, ಹುಲಿ ಕಾಣುವ ಸಾಧ್ಯತೆ ಎಷ್ಟು ಅಂತ ಕೇಳಿ. ಕಬಿನಿಗೆ ಹೋಗುತ್ತೇವೆ, ಕರಿಚಿರತೆ ಈ ವಾರ ಕಂಡಿದೆಯಾ ಅಂತ ವಿಚಾರಿಸಿ. ಕಾಣದಿದ್ದರೆ ಒಂದು ಸ್ಟಾರ್ ಕಡಿಮೆ. ಕೋವಿಯ ಬದಲು ಕ್ಯಾಮೆರಾ ಬಂತು, ಕಾಲಂಗಳು ಅವೇ. ಮನೆಯಿಂದ ಎರಡು ಗಂಟೆ ದೂರದ ಘಟ್ಟದ ಕಾಡಿನಲ್ಲಿ ಯಾವ ತಿಂಗಳು ಯಾವ ಹಕ್ಕಿ ಕೂಗುತ್ತದೆ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಹಾಗಾಗಿ ಗೆಳೆಯನಿಗೆ ನಾನು ಬರೆದದ್ದು ಇಷ್ಟು. ಸ್ಕೋರ್ ತೆಗೆದುಹಾಕು, ಮೂರು ಕಾಲಂ ಸೇರಿಸು. ಒಂದು: ಮುಂದಿನ ಮೂರು ವರ್ಷವೂ ಇದೇ ಜಾಗಕ್ಕೆ ಹೋಗಲು ರಜೆ ಮತ್ತು ದುಡ್ಡು ಸಾಕಾಗುತ್ತದಾ? ಎರಡು: ರಸ್ತೆಯಿಂದ ಎಷ್ಟು ದೂರದ ತನಕ ನೂರು ಕಿಲೋ ಹೊರಲು ನಿನಗಾಗುತ್ತದೆ? ಅದರಾಚೆ ಬಾಣ ಬಿಡಬೇಡ. ಮೂರು: ಪರವಾನಗಿ ಸಿಗದಿದ್ದರೂ ಜೂನ್‌ನಲ್ಲಿ ಸುಮ್ಮನೆ ನಡೆಯಲು ಅಲ್ಲಿಗೆ ಹೋಗುತ್ತೀಯಾ? ಈ ಮೂರರಲ್ಲಿ ಮೊಂಟಾನಾದ ಚಂದದ ಫೋಟೊಗಳು ಬಿದ್ದು ಹೋಗುತ್ತವೆ, ಐಡಾಹೊ ದೂರವಾಗುತ್ತದೆ, ವಯೋಮಿಂಗ್ ಪಾಯಿಂಟ್ ಕೇಳುತ್ತದೆ. ನ್ಯೂ ಮೆಕ್ಸಿಕೊ ಹತ್ತಿರ, ಆದರೆ ನೂರರಲ್ಲಿ ಆರರ ಚೀಟಿ ನಂಬಿ ಒಂದು ಕಾಡಿನ ಪರಿಚಯ ಬೆಳೆಸಲು ಆಗುವುದಿಲ್ಲ. ಉಳಿಯುವುದು ಕೊಲೊರಾಡೊ. ಅದರಲ್ಲೂ ಹೆಸರುವಾಸಿ ವಲಯ ಬೇಡ, ಸುಲಭವಾಗಿ ಚೀಟಿ ಸಿಗುವ, ಕೊಂಬಿನ ದಾಖಲೆಗಳಿಲ್ಲದ ಯಾವುದಾದರೂ ಒಂದು ಸಾಕು.

ಶೀಟ್‌ನಲ್ಲಿ ಅಂಥ ವಲಯದ ಯಶಸ್ಸಿನ ಅಂಕಿ ತೀರಾ ಕಡಿಮೆ ಕಾಣುತ್ತದೆ. ಕಾಣಲಿ. ಹತ್ತರಲ್ಲಿ ಒಂಬತ್ತು ಸಲ ಬರಿಗೈಯಲ್ಲಿ ಬರುವ ಬೇಟೆಗೆ, ಬರಿಗೈಯಲ್ಲಿ ಬಂದರೂ ಬೇಸರವಾಗದ ಜಾಗವನ್ನೇ ಆರಿಸಬೇಕು. ಅರ್ಜಿಗೆ ಏಪ್ರಿಲ್ ಮೊದಲ ವಾರ ಕೊನೆ. ಅವನಿನ್ನೂ ಉತ್ತರ ಬರೆದಿಲ್ಲ. ಶೀಟ್‌ನಲ್ಲಿ ಮಾತ್ರ ಮೂರು ಹೊಸ ಕಾಲಂ ಬಂದಿವೆ, ಇನ್ನೂ ಖಾಲಿ.