ಗೊತ್ತಿರುವ ಕೊನೆಗಾಗಿ ಕಾಯುವುದು: ‘ಘಾಚರ್ ಘೋಚರ್’ ಮತ್ತು ನಮ್ಮೂರ ಪಡುಕಳಂ

ನಾನು ಧರ್ಮಪುರಿಯಿಂದ ಮಾತಾಡ್ತಿದ್ದೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವವರು ನಾವು. ಮಾತಿನ ನಡುವೆ ಎರಡೂ ಬೆರೆತರೆ ಹೊಂದಿಸಿಕೊಳ್ಳಬೇಕು ಅಂತ ಮೊದಲೇ ಕೇಳ್ಕೊಳ್ತೀನಿ. ನನ್ನ ಪ್ರಬಂಧದ ಪ್ರಶ್ನೆ ಚಿಕ್ಕದು: ರಹಸ್ಯವೊಂದನ್ನು ಇಟ್ಟುಕೊಂಡು ಸಾಗುವ ಕಥೆಯ ಕೊನೆ ಓದುಗರಿಗೆ ಮೊದಲೇ ತಿಳಿದುಬಿಟ್ಟರೆ ಆ ಕಥೆ ಸೋತಂತೆಯೇ?

ಪ್ರಶ್ನೆ ಹುಟ್ಟಿದ್ದು ನನ್ನದೇ ತಪ್ಪಿನಿಂದ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಿರುಕಾದಂಬರಿಯನ್ನು ಮೊದಲ ಸಲ ಓದುವಾಗ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದು ನನಗೆ ಹೊಳೆದುಬಿಟ್ಟಿತು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಗೊತ್ತಾಯ್ತು’ ಅಂತ ಬರೆದೆ. ತರಗತಿಯ ಚರ್ಚೆಯಲ್ಲಿ ‘ಸಸ್ಪೆನ್ಸ್ ಕೊನೆತನಕ ನಿಲ್ಲಲಿಲ್ಲ’ ಅಂತ ಧೈರ್ಯವಾಗಿ ಹೇಳಿಯೂ ಬಿಟ್ಟೆ. ಎರಡನೇ ಓದಿನಲ್ಲಿ ಆ ಪೆನ್ಸಿಲಿನ ಗುರುತು ನೋಡಿ ನಾಚಿಕೆಯಾಯಿತು.

ಕಥೆ ಎಲ್ಲರಿಗೂ ಗೊತ್ತಿರಬಹುದು, ಆದರೂ ಎರಡು ಮಾತು. ಹೆಸರಿಲ್ಲದ ನಿರೂಪಕ ಬೆಂಗಳೂರಿನ ಕಾಫಿ ಹೌಸ್ ಒಂದರಲ್ಲಿ ಕೂತು ತನ್ನ ಮನೆಯ ಕಥೆ ಹೇಳ್ತಾನೆ. ಇರುವೆ ಕಾಟದ ಸಣ್ಣ ಮನೆಯಲ್ಲಿದ್ದ ಕುಟುಂಬ, ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರದಿಂದ ದೊಡ್ಡ ಮನೆ ಸೇರುತ್ತದೆ. ದುಡ್ಡು ತರುವವನು ಚಿಕ್ಕಪ್ಪ. ಹಾಗಾಗಿ ಅವನು ಏನು ಮಾಡಿದರೂ ಎಲ್ಲರೂ ಅವನ ಬೆನ್ನಿಗೆ. ಇದನ್ನು ಎದುರಿಗೇ ಪ್ರಶ್ನಿಸುವವಳು ನಿರೂಪಕನ ಹೆಂಡತಿ ಅನಿತಾ. ಅವಳು ಹೈದರಾಬಾದಿನ ತೌರಿಗೆ ಹೋಗಿದ್ದಾಳೆ, ಸುದ್ದಿಯಿಲ್ಲ. ಅವಳಿಗೆ ಏನಾಯಿತು ಅಂತ ಪುಸ್ತಕ ಬಾಯಿಬಿಟ್ಟು ಹೇಳೋದೇ ಇಲ್ಲ.

ಆದರೆ ಸುಳಿವುಗಳನ್ನು ಬಚ್ಚಿಟ್ಟೂ ಇಲ್ಲ. ಹಳೇ ಮನೆಯಲ್ಲಿ ಇರುವೆ ಕೊಲ್ಲುವುದು ದಿನದ ಕೆಲಸವಾಗಿ, ಬರಬರುತ್ತ ಅದರಲ್ಲೇ ಒಂದು ಹುರುಪು ಸೇರಿಕೊಳ್ಳುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಅಡುಗೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಓಡಿಸ್ತಾರೆ. ಕೊನೆಗೆ ಚಹಾ ಕುಡೀತಾ ಕೊಲೆಗಳ ವಿಷಯ ಮಾತಾಡ್ತಾರೆ. ಇರುವೆಯಿಂದ ಆ ಮಾತಿನತನಕ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಊಹಿಸೋದು ನನ್ನ ಜಾಣತನವಲ್ಲ, ಲೇಖಕರು ಅದಕ್ಕೇ ದಾರಿ ಮಾಡಿಟ್ಟಿದ್ದಾರೆ.

ಇಲ್ಲಿ ಪತ್ತೇದಾರಿ ಕಾದಂಬರಿಯ ಜೊತೆ ಒಂದು ಹೋಲಿಕೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಪರಾಧಿಯನ್ನು ಹಿಡಿದೇ ಹಿಡೀತಾನೆ ಅನ್ನೋದು ಓದುಗರಿಗೆ ಗೊತ್ತು. ಆ ಭರವಸೆಯಲ್ಲೇ ಒಂದು ಸುಖ ಇದೆ. ಅಲ್ಲಿ ನಮ್ಮ ಪರವಾಗಿ ಸತ್ಯ ಹೇಳಲು ಒಬ್ಬ ಪತ್ತೇದಾರ ಇರ್ತಾನೆ. ‘ಘಾಚರ್ ಘೋಚರ್’ನಲ್ಲಿ ಅಂಥವನಿಲ್ಲ. ಇರೋದು ನಿರೂಪಕ ಮಾತ್ರ. ಮೊದಲ ಓದಿನಲ್ಲಿ ನಾನು ಅವನಿಗಿಂತ ಮುಂಚೆ ತಿಳಿದುಕೊಂಡೆ ಅಂದ್ಕೊಂಡಿದ್ದೆ. ಎರಡನೇ ಓದಿನಲ್ಲಿ ಕಂಡದ್ದು ಬೇರೆ. ಅವನಿಗೆ ನನಗಿಂತ ಮುಂಚೆಯೇ ಗೊತ್ತು. ಗೊತ್ತಿರೋದರಿಂದಲೇ ಇರುವೆ ಕಥೆ, ಹಳೇ ಮನೆ ಕಥೆ ಅಂತ ಸುತ್ತಿ ಬಳಸಿ ಮಾತಾಡ್ತಿದ್ದಾನೆ. ಹಾಗಾದರೆ ಇಲ್ಲಿನ ಕುತೂಹಲ ‘ಏನಾಯಿತು’ ಅನ್ನೋದಲ್ಲ, ‘ಇವನು ಹೇಳ್ತಾನಾ’ ಅನ್ನೋದು. ಅವನು ಹೇಳೋದಿಲ್ಲ. ಆ ಮಾತನ್ನು ಮನಸ್ಸಿನಲ್ಲಿ ಪೂರ್ತಿ ಮಾಡಬೇಕಾದವರು ನಾವು.

ಇದು ಅರ್ಥವಾದದ್ದು ನಮ್ಮ ಕಡೆಯ ಪಡುಕಳಂ ನೆನಪಾದಾಗ. ಧರ್ಮಪುರಿ ಸುತ್ತಿನ ದ್ರೌಪದಿಯಮ್ಮನ ಗುಡಿಗಳಲ್ಲಿ ಭಾರತದ ಹಬ್ಬ ನಡೆಯುತ್ತೆ: ಹಗಲು ಕಥೆ ಹೇಳ್ತಾರೆ, ರಾತ್ರಿ ತೆರುಕೂತ್ತು ಆಡ್ತಾರೆ. ಕೊನೆಯ ದಿನ ಬಯಲಿನಲ್ಲಿ ಮಣ್ಣಿನಿಂದ ದೊಡ್ಡ ದುರ್ಯೋಧನನನ್ನು ಮಾಡಿ ಅಂಗಾತ ಮಲಗಿಸಿರ್ತಾರೆ. ಅಂದರೆ ವೇಷದ ದುರ್ಯೋಧನ ಇನ್ನೂ ಓಡಾಡ್ತಿರುವಾಗಲೇ ಅವನ ಸಾವು ಎಲ್ಲರ ಕಣ್ಣೆದುರು ಬಿದ್ದಿರುತ್ತೆ. ಆದರೂ ಬಿಸಿಲಲ್ಲಿ ಜನ ಕಾಯ್ತಾರೆ. ಭೀಮ ಗೆಲ್ತಾನಾ ಅಂತ ಯಾರೂ ಕೇಳಲ್ಲ. ದ್ರೌಪದಿ ಮುಡಿ ಕಟ್ಟುವ ಗಳಿಗೆಗೆ, ಬಿದ್ದವನಿಗಾಗಿ ಒಪ್ಪಾರಿ ಏಳುವ ಗಳಿಗೆಗೆ ಕಾಯ್ತಾರೆ. ರನ್ನನ ‘ಗದಾಯುದ್ಧ’ದ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ಫಲಿತಾಂಶ ಹೆಸರಿನಲ್ಲೇ ಇದೆ. ಆದರೂ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಹೊರಗೆ ಬರುವತನಕ ನಾವು ಉಸಿರು ಹಿಡಿದೇ ಓದ್ತೀವಿ.

ಒಂದು ಆಕ್ಷೇಪ ಬರಬಹುದು. ಹಾಗಾದರೆ ಸುಲಭವಾಗಿ ಊಹಿಸಬಹುದಾದ ಪ್ರತಿ ಕಾದಂಬರಿಯೂ ಒಳ್ಳೇದೇನಾ? ಅಲ್ಲ. ಕೊನೆ ತಿಳಿದ ಮೇಲೆ ಕೇಳಲು ಬೇರೆ ಪ್ರಶ್ನೆಯೇ ಉಳಿಯದಿದ್ದರೆ ಆ ಕಥೆ ಅಲ್ಲಿಗೆ ಮುಗೀತು. ಗುಟ್ಟು ರಟ್ಟಾದ ಮೇಲೂ ಯಾರು ಸುಮ್ಮನಿದ್ದರು, ಯಾಕೆ ಸುಮ್ಮನಿದ್ದರು ಅಂತ ಕೇಳುವಂತಿದ್ದರೆ ಕಥೆ ಇನ್ನೂ ಜೀವಂತ ಇದೆ.

ಈ ಪ್ರಶ್ನೆ ನನಗೆ ಪುಸ್ತಕದ್ದು ಮಾತ್ರ ಅಲ್ಲ. ನಾನು ಶಾಲೆಗೆ ಹೋಗ್ತಿದ್ದಾಗ ನಮ್ಮ ಬೀದಿಯ ಒಂದು ಮನೆಯ ಸೊಸೆ ಕಾಣದಾದಳು. ಕೇಳಿದರೆ ‘ತೌರಿಗೆ ಹೋಗವ್ಳೆ’ ಅನ್ನೋರು. ಹೊಡೆತ ತಾಳಲಾರದೆ ಹೋದಳು, ಮತ್ತೆ ಬರಲ್ಲ ಅನ್ನೋದು ಬೀದಿಗೆಲ್ಲ ಗೊತ್ತಿತ್ತು. ನಮ್ಮಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಅನಿತಾಳ ತೌರಿನ ಮಾತು ಬಂದ ಪುಟದಲ್ಲೇ ನಾನು ‘ಗೊತ್ತಾಯ್ತು’ ಅಂತ ಬರೆದು ಮುಂದೆ ಹೋಗಿದ್ದೆ. ಆ ಬೀದಿಯಲ್ಲೂ ನಾವು ಮಾಡಿದ್ದು ಅದನ್ನೇ.

ಹಾಗಾಗಿ ನನ್ನ ವಾದ ಇಷ್ಟೇ: ಇಂಥ ಕಥೆಯಲ್ಲಿ ಕೊನೆಯನ್ನು ಊಹಿಸಿದ ಓದುಗ ಗೆದ್ದವನಲ್ಲ, ಆ ಮನೆಯವರ ಸಾಲಿಗೆ ಸೇರಿದವನು. ಅಲ್ಲಿಂದ ಮುಂದಿನ ಓದಿನ ರುಚಿಯಲ್ಲಿ ಒಂದಿಷ್ಟು ಕಹಿಯೂ ಇರುತ್ತೆ. ಆ ಕಹಿಗಾಗಿಯೇ ನಾನು ಅದನ್ನು ಮೂರನೇ ಸಲ ಓದಿದೆ.