ಕೆಂಪು ಕೊಂಡಿಯ ಆಚೆಗೆ: ವಿಕಿಪೀಡಿಯದ ಮಹಿಳಾ ಜೀವನಚರಿತ್ರೆಗಳು ಮತ್ತು ಗಡಿನಾಡಿನ ಆಕರಗಳು

2018ರ ಅಕ್ಟೋಬರ್ 2ರಂದು ಭೌತವಿಜ್ಞಾನದ ನೊಬೆಲ್ ಪುರಸ್ಕಾರ ಪ್ರಕಟವಾಯಿತು. ಅಂದು ಪುರಸ್ಕೃತರಾದ ಮೂವರಲ್ಲಿ ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಒಬ್ಬರು. ಮೇರಿ ಕ್ಯೂರಿ (1903) ಮತ್ತು ಮರಿಯಾ ಗೊಪರ್ಟ್ ಮೇಯರ್ (1963) ಅವರ ಬಳಿಕ ಈ ಗೌರವ ಪಡೆದ ಮೂರನೆಯ ಮಹಿಳೆ. ಅವರೊಂದಿಗೆ ಪುರಸ್ಕಾರ ಹಂಚಿಕೊಂಡ ಜೆರಾರ್ ಮೂರೂ ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹಲವು ವರ್ಷಗಳಿಂದ ಲೇಖನವಿತ್ತು. ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಸಲ್ಲಿಕೆಯಾಗಿದ್ದ ಕರಡೊಂದನ್ನು, ಅದರಲ್ಲಿ ನೀಡಲಾದ ಆಕರಗಳು ಈ ವ್ಯಕ್ತಿಯ ಗಣ್ಯತೆಯನ್ನು ತೋರಿಸಿಕೊಡುವುದಿಲ್ಲವೆಂಬ ಕಾರಣದಿಂದ ಸ್ವಯಂಸೇವಕ ಪರಿಶೀಲಕರೊಬ್ಬರು ತಿರಸ್ಕರಿಸಿದ್ದರು.

ಈ ಪ್ರಸಂಗಕ್ಕೆ ಉತ್ತರವಾಗಿ ವಿಕಿಮೀಡಿಯ ಪ್ರತಿಷ್ಠಾನದ ಅಂದಿನ ಮುಖ್ಯಸ್ಥೆ ಕ್ಯಾಥರೀನ್ ಮಾಹರ್ ಮುಂದಿಟ್ಟ ವಾದವು ಪ್ರಸಿದ್ಧವಾಗಿದೆ. ವಿಶ್ವಕೋಶವು ಜಗತ್ತಿನ ಪಕ್ಷಪಾತಗಳಿಗೆ ಹಿಡಿದ ಕನ್ನಡಿ. ಪತ್ರಿಕೆಗಳು, ವಿದ್ವತ್ ಸಂಸ್ಥೆಗಳು ಮಹಿಳೆಯರ ಬಗ್ಗೆ ಬರೆಯದಿದ್ದರೆ ಅದೂ ಬರೆಯಲಾರದು ಎಂಬುದು ಆ ವಾದದ ತಾತ್ಪರ್ಯ. ಇದರಲ್ಲಿ ಸತ್ಯಾಂಶವಿದೆ. ಆದರೆ ಕನ್ನಡಿಯು ಎದುರಿಗೆ ಬಂದದ್ದನ್ನೆಲ್ಲ ತೋರಿಸುತ್ತದೆ, ಆಯ್ಕೆ ಮಾಡುವುದಿಲ್ಲ. ವಿಶ್ವಕೋಶವು ಆಯ್ಕೆ ಮಾಡುತ್ತದೆ. ಯಾವುದು ಆಕರ, ಯಾವುದು ಅಲ್ಲ, ಯಾವ ಬಗೆಯ ಬರಹ ‘ಸ್ವತಂತ್ರ’ ಮತ್ತು ‘ವಿಶ್ವಾಸಾರ್ಹ’ ಎಂದು ಮೊದಲೇ ನಿರ್ಧರಿಸಿ, ಅದರ ಆಧಾರದ ಮೇಲೆ ಬದುಕುಗಳನ್ನು ಒಳಗೆ ಬಿಡುತ್ತದೆ. ಮಹಿಳಾ ಜೀವನಚರಿತ್ರೆಗಳ ವಿಮರ್ಶೆ ಆರಂಭವಾಗಬೇಕಾದದ್ದು ಈ ಬಾಗಿಲಿನಲ್ಲಿಯೇ.

ಸ್ವಯಂಸೇವಕರ ಪ್ರಯತ್ನವನ್ನು ಲಘುವಾಗಿ ಕಾಣುವಂತಿಲ್ಲ. 2015ರಲ್ಲಿ ಆರಂಭವಾದ ‘ವಿಮೆನ್ ಇನ್ ರೆಡ್’ ಯೋಜನೆಯ ಹೆಸರೇ ಅದರ ಕಾರ್ಯವನ್ನು ಹೇಳುತ್ತದೆ: ವಿಕಿಪೀಡಿಯದಲ್ಲಿ ಇನ್ನೂ ಪುಟವಿಲ್ಲದ ಹೆಸರಿನ ಕೊಂಡಿ ಕೆಂಪಾಗಿ ಕಾಣುತ್ತದೆ, ಪುಟ ಸಿದ್ಧವಾದೊಡನೆ ನೀಲಿಯಾಗುತ್ತದೆ. ಆಗ ಇಂಗ್ಲಿಷ್ ಆವೃತ್ತಿಯ ಜೀವನಚರಿತ್ರೆಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇ. 15, ಇಂದು ಅದು ಶೇ. 20ರ ಆಸುಪಾಸಿನಲ್ಲಿದೆ. ಬ್ರಿಟಿಷ್ ಭೌತವಿಜ್ಞಾನಿ ಜೆಸ್ ವೇಡ್ ಒಬ್ಬರೇ 2017ರಿಂದೀಚೆಗೆ ಎರಡು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಬರೆದಿದ್ದಾರೆ. ಸಂಬಳವಿಲ್ಲದೆ, ಬಿಡುವಿನ ಸಂಜೆಗಳಲ್ಲಿ ನಡೆದ ಈ ದುಡಿಮೆ ಒಂದು ದಶಕದಲ್ಲಿ ಸಾಧಿಸಿದ್ದು ಸಣ್ಣದಲ್ಲ. ಆದರೂ ಶೇಕಡಾವಾರು ಲೆಕ್ಕವು ಒಂದು ಪ್ರಶ್ನೆಯನ್ನು ಮರೆಯಲ್ಲಿಡುತ್ತದೆ: ಯಾವ ಮಹಿಳೆಯರು, ಯಾವ ರೂಪದಲ್ಲಿ?

ರೂಪದ ಪ್ರಶ್ನೆ ಹೊಸದಲ್ಲ. 2013ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ‘ಅಮೆರಿಕನ್ ಕಾದಂಬರಿಕಾರರು’ ಎಂಬ ವರ್ಗದಿಂದ ಮಹಿಳೆಯರನ್ನು ಒಬ್ಬೊಬ್ಬರಾಗಿ ತೆಗೆದು ‘ಅಮೆರಿಕನ್ ಮಹಿಳಾ ಕಾದಂಬರಿಕಾರರು’ ಎಂಬ ಉಪವರ್ಗಕ್ಕೆ ಸಾಗಿಸುತ್ತಿದ್ದುದನ್ನು ಲೇಖಕಿ ಅಮಾಂಡಾ ಫಿಲಿಪಾಚಿ ಬಯಲಿಗೆ ತಂದರು. ಪುರುಷರು ಮಾತ್ರ ವಿಶೇಷಣವಿಲ್ಲದ ಕಾದಂಬರಿಕಾರರಾಗಿ ಉಳಿಯುತ್ತಿದ್ದರು. ಬಳಿಕ ಬಂದ ಅಧ್ಯಯನಗಳು ಮಹಿಳೆಯರ ಲೇಖನಗಳಲ್ಲಿ ಮದುವೆ, ವಿಚ್ಛೇದನ, ಕುಟುಂಬಗಳಿಗೆ ಸಂಬಂಧಿಸಿದ ಪದಗಳು ಹೆಚ್ಚಾಗಿ ಬರುವುದನ್ನು ತೋರಿಸಿದವು. ಸಮಾಜಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಟ್ರಿಪೋಡಿ ಅವರ ಅಧ್ಯಯನದ ಪ್ರಕಾರ, ಅಳಿಸುವುದಕ್ಕಾಗಿ ಸೂಚಿತವಾಗುವ ಜೀವನಚರಿತ್ರೆಗಳಲ್ಲಿ ಮಹಿಳೆಯರ ಪಾಲು ಒಟ್ಟು ಸಂಗ್ರಹದಲ್ಲಿ ಅವರಿಗಿರುವ ಪಾಲಿಗಿಂತ ಹೆಚ್ಚು. ಅಂದರೆ ಒಳಗೆ ಬಂದ ಮೇಲೂ ಗಣ್ಯತೆಯನ್ನು ಮತ್ತೆ ಮತ್ತೆ ಸಾಬೀತುಪಡಿಸುವ ಹೊರೆ ಅವರ ಮೇಲೆಯೇ ಹೆಚ್ಚು.

ಇದಕ್ಕೆ ಪರಿಹಾರವೆಂಬಂತೆ ‘ಫಿಂಕ್‌ಬೈನರ್ ಪರೀಕ್ಷೆ’ಯನ್ನು ಮುಂದಿಡುವುದುಂಟು. ವಿಜ್ಞಾನ ಲೇಖಕಿ ಆನ್ ಫಿಂಕ್‌ಬೈನರ್ ಅವರ ನಿಲುವನ್ನು ಆಧರಿಸಿ 2013ರಲ್ಲಿ ರೂಪುಗೊಂಡ ಈ ಮಾನದಂಡದ ಪ್ರಕಾರ ಮಹಿಳಾ ವಿಜ್ಞಾನಿಯ ಪರಿಚಯದಲ್ಲಿ ಆಕೆ ಹೆಣ್ಣೆಂಬುದು, ಗಂಡನ ಉದ್ಯೋಗ, ಮಕ್ಕಳ ಆರೈಕೆಯ ಏರ್ಪಾಡು, ‘ಮೊದಲ ಮಹಿಳೆ’ ಎಂಬ ಹೆಗ್ಗಳಿಕೆ ಇವು ಬರಕೂಡದು. ಪ್ರಯೋಗಾಲಯದ ವಿಜ್ಞಾನಿಯ ಮಟ್ಟಿಗೆ ಇದು ಉಚಿತವಾದ ಶಿಸ್ತು. ಅದನ್ನೇ ಎಲ್ಲೆಡೆಗೂ ಹೊಂದಿಸಿದರೆ ಏನು ನಷ್ಟವಾದೀತೆಂಬುದನ್ನು ಅರಿಯಲು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಅವರ ಬದುಕು ಸಾಕು.

ಜಯದೇವಿತಾಯಿ 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಶಾಲೆಯಲ್ಲಿ ಅವರು ಕಲಿತದ್ದು ಮರಾಠಿ. ಕನ್ನಡವನ್ನು ಸ್ವಂತ ಶ್ರಮದಿಂದ ಗಳಿಸಿಕೊಂಡರು. ಹರೆಯ ತುಂಬುವ ಮುನ್ನವೇ ಮದುವೆಯಾಯಿತು. ಸೊಲ್ಲಾಪುರದ ಸಿದ್ಧರಾಮನನ್ನು ಕುರಿತು ತ್ರಿಪದಿಯಲ್ಲಿ ಪುರಾಣ ಬರೆದರು, ವಚನಗಳನ್ನು ಮರಾಠಿಗೆ ಕೊಂಡೊಯ್ದರು, ಏಕೀಕರಣದ ಪರವಾಗಿ ದುಡಿದರು. 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಇಲ್ಲಿ ಎಳೆಯ ವಯಸ್ಸಿನ ಮದುವೆ, ಮನೆಯ ಭಾಷೆ, ಶಾಲೆಯ ಭಾಷೆ ಇವು ಖಾಸಗಿ ವಿವರಗಳಲ್ಲ, ಸಾಹಿತ್ಯ ಚರಿತ್ರೆಯ ಸಂಗತಿಗಳು. ಮರಾಠಿ ಶಾಲೆಯಲ್ಲಿ ಓದಿದ ಹೆಣ್ಣುಮಗಳು ಕಾವ್ಯಕ್ಕೆ ತ್ರಿಪದಿಯನ್ನು ಆರಿಸಿಕೊಂಡದ್ದನ್ನು ಬೀಸುವ ಕಲ್ಲಿನ ಹಾಡುಗಳ ಪರಂಪರೆಯನ್ನು ಬಿಟ್ಟು ವಿವರಿಸುವುದು ಕಷ್ಟ. ಆದುದರಿಂದ ಕುಟುಂಬದ ಉಲ್ಲೇಖವಿದೆಯೇ ಇಲ್ಲವೇ ಎಂಬುದು ಸರಿಯಾದ ಪರೀಕ್ಷೆಯಲ್ಲ. ಆ ಉಲ್ಲೇಖ ಬರಹವನ್ನು ವಿವರಿಸುತ್ತದೆಯೇ ಅಥವಾ ಬರಹದ ಸ್ಥಾನವನ್ನು ಕಬಳಿಸುತ್ತದೆಯೇ ಎಂಬುದು ಪರೀಕ್ಷೆ.

ಲಿಗಾಡೆಯವರ ಹೆಸರೇ ಇನ್ನೊಂದು ತೊಡಕನ್ನು ಎತ್ತಿ ತೋರಿಸುತ್ತದೆ. ಕನ್ನಡದ ಓದುಗರಿಗೆ ‘ತಾಯಿ’ ಎಂದರೆ ಹೆತ್ತವಳು. ಮರಾಠಿಯ ‘ತಾಈ’ ಅಕ್ಕ. ಒಂದೇ ಗೌರವಸೂಚಕ ಎರಡು ಭಾಷೆಗಳಲ್ಲಿ ಎರಡು ಸಂಬಂಧಗಳನ್ನು ಹೇಳುತ್ತದೆ. ಆಕರಗಳೂ ಹೀಗೆಯೇ ಹಂಚಿಹೋಗುತ್ತವೆ. ಕನ್ನಡದ ಲೇಖನ ಸಮ್ಮೇಳನಾಧ್ಯಕ್ಷೆಯನ್ನು ಕಾಣುತ್ತದೆ, ಮರಾಠಿಯ ಲೇಖನ ಅನುವಾದಕಿಯನ್ನು ಕಾಣುತ್ತದೆ. ಒಂದೇ ಭಾಷೆಯ ಕಪಾಟಿನ ಮುಂದೆ ಕುಳಿತ ಸ್ವಯಂಸೇವಕರಿಗೆ ದಕ್ಕುವುದು ಅರ್ಧ ಬದುಕು. ಆ ಅರ್ಧವೇ ಅನುವಾದಗೊಂಡು ಬೇರೆ ಭಾಷೆಗಳ ಆವೃತ್ತಿಗಳಲ್ಲಿ ಪೂರ್ಣ ಬದುಕೆಂದು ನೆಲೆಯೂರುವ ಸಂಭವವಿದೆ.

ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ವಿಷಯದಲ್ಲಿ ಆಕರಗಳ ಕೊರತೆಯಿಲ್ಲ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಚರ್ಚೆ ನಾಲ್ಕು ದಶಕಗಳಷ್ಟು ಹಳೆಯದು. ಇಲ್ಲಿ ತೊಡಕಿರುವುದು ವಿಶ್ವಕೋಶದ ಅಚ್ಚಿನಲ್ಲಿ. ಜನ್ಮಸ್ಥಳದ ಅಂಕಣಕ್ಕೆ ‘ಕಾಸರಗೋಡು, ಕೇರಳ’ ಎಂದು ತುಂಬುವುದು ಸುಲಭ. ಆದರೆ 1936ರಲ್ಲಿ ಆ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳ ರೂಪುಗೊಂಡದ್ದು 1956ರಲ್ಲಿ. ಮಲಯಾಳ ಮನೆಮಾತಿನ ಹುಡುಗಿ ಕನ್ನಡ ಶಾಲೆಗೆ ಹೋಗಿ ಕನ್ನಡದಲ್ಲಿ ಬರೆದುದರ ಸಹಜತೆ ಈ ಒಂದು ಅಂಕಣದಿಂದ ಅಳಿಸಿಹೋಗುತ್ತದೆ. ಕೇರಳದವರೊಬ್ಬರು ಕನ್ನಡದಲ್ಲಿ ಬರೆದರೆಂಬ ಅಚ್ಚರಿ ಮಾತ್ರ ಉಳಿಯುತ್ತದೆ. ‘ಕನ್ನಡದ ಮೊದಲ ಮುಸ್ಲಿಂ ಲೇಖಕಿ’ ಎಂಬಂತಹ ವಿಶೇಷಣವೂ ಇದೇ ಕೆಲಸ ಮಾಡುತ್ತದೆ. ‘ಮೊದಲ’ ಎಂಬ ಪದ ಗಣ್ಯತೆಯ ಬಾಗಿಲನ್ನು ತೆರೆಯುತ್ತದೆ, ನಿಜ. ಆದರೆ ತಲಾಖ್ ಪದ್ಧತಿಯನ್ನು ಕಥನದ ಕೇಂದ್ರಕ್ಕೆ ತಂದ ಕಾದಂಬರಿಕಾರ್ತಿಯನ್ನು ಅದು ಒಂದು ದಾಖಲೆಯ ಅಂಕಿಯಾಗಿ ನಿಲ್ಲಿಸಿಬಿಡುತ್ತದೆ.

ಈ ಇಬ್ಬರೂ ಮುದ್ರಣದ ಲೋಕದವರು. ಮುದ್ರಣವನ್ನು ಮುಟ್ಟದವರ ಸ್ಥಿತಿ ಬೇರೆ. ಭೀಮಾತೀರದ ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಕನ್ನಡ ಜಾನಪದದ ಅಡಿಗಲ್ಲುಗಳಲ್ಲೊಂದು. ಸಂಗ್ರಹಕಾರರ ಹೆಸರು, ಬದುಕು, ಕೃತಿಗಳು ಸಾಹಿತ್ಯ ಚರಿತ್ರೆಯಲ್ಲಿ ಸೇರಿವೆ. ಹಾಡಿದವಳು ಶೀರ್ಷಿಕೆಯಲ್ಲಿ ‘ಗರತಿ’ಯಾಗಿ ಉಳಿದಿದ್ದಾಳೆ. ಇದು ಆ ಹಿರಿಯರ ಮೇಲಿನ ಆಕ್ಷೇಪವಲ್ಲ; ಹಾಡನ್ನು ಸಮುದಾಯದ ಸೊತ್ತೆಂದು ಕಂಡ ಕಾಲದ ದೃಷ್ಟಿ ಅದು. ಪರಿಣಾಮ ಮಾತ್ರ ಇಂದಿಗೂ ಮುಂದುವರಿದಿದೆ. ಕಾಸರಗೋಡಿನ ಪಾಡ್ದನಗಾರ್ತಿಯಾಗಲಿ ಅಕ್ಕಲಕೋಟೆಯ ಸೋಬಾನೆ ಹಾಡುವವಳಾಗಲಿ ವಿಶ್ವಕೋಶಕ್ಕೆ ಕೆಂಪು ಕೊಂಡಿಯಾಗಿಯೂ ಕಾಣುವುದಿಲ್ಲ. ಕೊಂಡಿ ಕೆಂಪಾಗುವುದಕ್ಕೂ ಎಲ್ಲಾದರೂ ಒಂದು ಹೆಸರು ಬರೆದಿರಬೇಕು.

ಈ ಕೊರತೆಯನ್ನು ವಿಕಿಪೀಡಿಯದ ಒಳಗಿನವರೂ ಗುರುತಿಸಿದ್ದಾರೆ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಅವರ ನೇತೃತ್ವದ ಯೋಜನೆಯೊಂದು ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಮೌಖಿಕ ಹೇಳಿಕೆಗಳನ್ನು ಧ್ವನಿಮುದ್ರಿಸಿ, ಅವನ್ನೇ ಆಕರವಾಗಿ ಬಳಸುವ ಪ್ರಯೋಗ ನಡೆಸಿತು. ಪ್ರಯೋಗ ಚರ್ಚೆಯನ್ನು ಹುಟ್ಟಿಸಿತು, ಸಾಮಾನ್ಯ ನಿಯಮವಾಗಲಿಲ್ಲ. ಸ್ವಂತ ಸಂಶೋಧನೆಗೆ ಅವಕಾಶವಿಲ್ಲವೆಂಬ ಸೂತ್ರ ಇಂದಿಗೂ ದೃಢವಾಗಿದೆ. ಅನಾಮಿಕರು ಬರೆಯುವ ಗ್ರಂಥಕ್ಕೆ ಆ ಸೂತ್ರ ಅಗತ್ಯವೂ ಹೌದು. ಅದಿಲ್ಲದಿದ್ದರೆ ಹೊಗಳಿಕೆಗೂ ನಿಂದೆಗೂ ತಡೆಯಿರದು.

ಹಾಗಾದರೆ ಹೊಣೆ ಮರಳುವುದು ವಿದ್ವತ್ ವಲಯಕ್ಕೆ. ಕನ್ನಡದಲ್ಲಿ ಜೀವನಚರಿತ್ರೆಯ ಬಹುಪಾಲು ಸಾಮಗ್ರಿ ಇರುವುದು ಅಭಿನಂದನ ಗ್ರಂಥಗಳಲ್ಲಿ ಮತ್ತು ಸ್ಮರಣ ಸಂಚಿಕೆಗಳಲ್ಲಿ. ಶಿಷ್ಯರು, ಬಂಧುಗಳು, ಅಭಿಮಾನಿಗಳು ಬರೆದ ಈ ಬರಹಗಳಲ್ಲಿ ಪ್ರೀತಿಯಿರುತ್ತದೆ, ದಿನಾಂಕಗಳಿರುವುದಿಲ್ಲ. ವಿಶ್ವಕೋಶದ ದೃಷ್ಟಿಯಲ್ಲಿ ಅವು ‘ಸ್ವತಂತ್ರ’ ಆಕರಗಳೂ ಅಲ್ಲ. ಈ ಮಾತು ಕನ್ನಡದ ಅಭ್ಯಾಸವನ್ನು ಕುರಿತ ನ್ಯಾಯವಾದ ವಿಮರ್ಶೆಯೆಂದೇ ಸ್ವೀಕಾರಾರ್ಹ. ಗಡಿನಾಡಿನ ಮಹಿಳೆಯೊಬ್ಬರ ಬಗ್ಗೆ ಎರಡೂ ಭಾಷೆಗಳ ಆಕರಗಳನ್ನು ನೋಡಿ, ಎರಡೂ ಲಿಪಿಗಳಲ್ಲಿ ಹೆಸರಿನ ರೂಪ ಕೊಟ್ಟು, ಹುಟ್ಟಿದ ಊರನ್ನು ಆ ಕಾಲದ ಆಡಳಿತ ಘಟಕದೊಂದಿಗೆ ಗುರುತಿಸಿ, ಕೃತಿಗಳ ಪ್ರಕಟಣೆಯ ವರ್ಷಗಳನ್ನು ಪರಿಶೀಲಿಸಿ ಬರೆದ ಎಂಟು ಪುಟಗಳ ಲೇಖನವು ಒಂದು ದಿನದ ಸಂಪಾದನೋತ್ಸವಕ್ಕಿಂತ ದೂರ ಸಾಗಬಲ್ಲದು. ಹಾಡುಗಾರ್ತಿಯ ಒಪ್ಪಿಗೆ ಪಡೆದು, ಆಕೆಯ ಹೆಸರು, ಊರು, ಹಾಡು ಕಲಿತ ಬಗೆ ಇವುಗಳೊಂದಿಗೆ ಪ್ರಕಟವಾದ ಸಂದರ್ಶನವೂ ಹಾಗೆಯೇ.

ಸ್ಟ್ರಿಕ್‌ಲ್ಯಾಂಡ್ ಅವರ ಪುಟ ನೊಬೆಲ್ ಘೋಷಣೆಯಾದ ಅದೇ ದಿನ ಸಿದ್ಧವಾಯಿತು. ಅವರ ಸಂಶೋಧನಾ ಪ್ರಬಂಧಗಳು ಮೊದಲೇ ಮುದ್ರಣದಲ್ಲಿದ್ದುದರಿಂದ ಕೊರತೆಯಿದ್ದುದು ಅವರ ಬಗ್ಗೆ ಇತರರು ಬರೆದ ಬರಹದ್ದು ಮಾತ್ರ. ಪುರಸ್ಕಾರ ಅದನ್ನು ಒಂದೇ ದಿನದಲ್ಲಿ ತುಂಬಿತು. ಜತ್ತಿನ, ತಾಳವಾಡಿಯ, ಮಡಕಶಿರದ ಹೆಂಗಸರಿಗಾಗಿ ಅಂತಹ ಅಕ್ಟೋಬರ್ ಬೆಳಗು ಕಾದಿಲ್ಲ. ಅವರ ಬಗ್ಗೆ ಬರೆಯಬಲ್ಲವರು ಎರಡು ಭಾಷೆ ಬಲ್ಲ ಹತ್ತಿರದ ಓದುಗರೇ. ಸ್ವಯಂಸೇವಕರ ಕೆಲಸ ಆರಂಭವಾಗುವುದು ಅವರ ಕೆಲಸ ಮುಗಿದ ಮೇಲೆ.